ಅಲೆ ಇಲ್ಲದ ಜಾಗ

"ಬೆಂಗಳೂರಲ್ಲಿ ಎಂಥ ಬಿಸಿಲು?" ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಯೂ ಕೇಳುವ ಮಾತಿದು. ಹೇಳೋರು ಅಪ್ಪ. ನೌಕರಿಯ ಮೊದಲ ಆರು ವರ್ಷ ಅವರು ಬಳ್ಳಾರಿಯಲ್ಲಿದ್ದರು, ಆಮೇಲೆ ಎರಡು ವರ್ಷ ರಾಯಚೂರಲ್ಲಿ. ಅವರ ಲೆಕ್ಕದಲ್ಲಿ ಬಿಸಿಲು ಅಂದರೆ ಅಲ್ಲಿಯದು. ನಮ್ಮ ತ್ಯಾಗರಾಜನಗರದಲ್ಲಿ ಬೀಳೋದು ಬರೀ ಬೆಳಕು. ಈ ಮಾತನ್ನು ನಂಬಿಕೊಂಡೇ ನಾನೂ ಬೆಳೆದೆ. ಫ್ಯಾನ್ ಇಲ್ಲದೆ ಬೇಸಿಗೆ ಕಳೆದ ಮನೆಗಳನ್ನು ಕಣ್ಣಾರೆ ಕಂಡವರು ನಾವು. ಏಪ್ರಿಲಿನಲ್ಲೂ ಸಂಜೆ ಒಂದು ಮಳೆ ಹೊಡೆದರೆ ರಾತ್ರಿ ಹೊದಿಕೆ ಹುಡುಕುತ್ತಿದ್ದೆವು. ಹೊರಗಿನಿಂದ ಬಂದ ನೆಂಟರು "ನಿಮ್ಮೂರು ಫ್ರಿಜ್ ಇದ್ದಂಗಿದೆ ಕಣ್ರೀ" ಅಂದರೆ, ಆ ತಂಪನ್ನು ನಾವೇ ದುಡಿದು ತಂದ ಹಾಗೆ ಬೀಗುತ್ತಿದ್ದೆವು.

ಆ ಬೀಗುವಿಕೆಗೆ ನಮ್ಮ ಮನೆಯಲ್ಲಿ ಎರಡು ಸಲ ಪ್ರಾಣವೇ ಹೋಗುವ ಹಾಗಾಗಿತ್ತು. 2024ರಲ್ಲಿ ಅಪ್ಪನದು. ಅದಕ್ಕೂ ಏಳು ವರ್ಷ ಮೊದಲು ನನ್ನದು. ಒಂದು ನಡೆದದ್ದು ಬಸವನಗುಡಿಯಲ್ಲಿ, ಇನ್ನೊಂದು ಗೋಕರ್ಣದಲ್ಲಿ. ಇವೆರಡೂ ಒಂದೇ ಥರದ ತಪ್ಪು ಅಂತ ನನಗೆ ಹೊಳೆಯೋಕೆ ಬಹಳ ದಿನ ಹಿಡೀತು.

ಮಿಡಿ ಮಾವಿನ ಚೀಲ

2024ರ ಏಪ್ರಿಲ್ 28, ಭಾನುವಾರ. ಬೆಂಗಳೂರಿನವರಿಗೆ ಆ ಬೇಸಿಗೆಯ ಬಗ್ಗೆ ಹೊಸದಾಗಿ ಏನೂ ಹೇಳಬೇಕಿಲ್ಲ. ಬೋರ್‌ವೆಲ್‌ಗಳು ಒಣಗಿದ್ದವು. ಟ್ಯಾಂಕರ್ ಬಂತಾ ಅನ್ನೋದೇ ಬೀದಿಯ ಸುದ್ದಿ. ಎರಡು ದಿನದ ಹಿಂದಷ್ಟೇ ಮತದಾನ ಮುಗಿದಿತ್ತು. ಉಪ್ಪಿನಕಾಯಿಗೆ ಮಿಡಿ ಬಂದಿರಬಹುದು ನೋಡಿ ಅಂತ ಅಮ್ಮ ಅಂದಿದ್ದೇ ತಡ, ಅಪ್ಪ ಹನ್ನೊಂದು ಗಂಟೆಗೆ ಚೀಲ ಹಿಡಿದು ಗಾಂಧಿ ಬಜಾರಿಗೆ ಹೊರಟರು. ಛತ್ರಿ ಕೊಡೋಕೆ ಹೋದ ಅಮ್ಮನಿಗೆ ಸಿಕ್ಕ ಉತ್ತರ ಏನು ಅಂತ ನಿಮಗೆ ಗೊತ್ತೇ ಇದೆ.

ವಾಪಸ್ ಬರುವಾಗ ಆಟೋದವನು ಮೀಟರ್ ಹಾಕಲ್ಲ ಅಂದ. ಅಪ್ಪನಿಗೆ ರೋಷ ಬಂತು, ನಡೆದೇ ಹೊರಟರು. 69 ವರ್ಷ, ಕೈಯಲ್ಲಿ ಎರಡು ಕಿಲೋ ಮಿಡಿ, ತಲೆ ಮೇಲೆ ಒಂದು ಟೋಪಿಯೂ ಇಲ್ಲ. ಹನ್ನೆರಡೂ ಮುಕ್ಕಾಲಿಗೆ ಅವರ ಫೋನಿನಿಂದ ನನಗೆ ಕರೆ ಬಂತು. ಮಾತಾಡಿದ್ದು ಬೇರೆಯವರು. "ಸಾರ್, ಯಜಮಾನ್ರು ಇಲ್ಲಿ ಕುಂತವ್ರೆ. ಬೆವರು ಜಾಸ್ತಿ ಬತ್ತಾ ಐತೆ. ಬೇಗ ಬನ್ನಿ." ರಸ್ತೆ ಬದಿಯ ಎಳನೀರಿನವರು.

ನಾನು ಹೋದಾಗ ಕಂಡದ್ದು ಇನ್ನೂ ಕಣ್ಣಲ್ಲಿದೆ. ಎಳನೀರಿನ ಗಾಡಿಯ ನೆರಳಲ್ಲಿ, ಬುರುಡೆಗಳ ರಾಶಿಯ ಪಕ್ಕ, ಕಾಲು ಚಾಚಿ ಕೂತಿದ್ದರು. ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮುಖ ಬಿಳಿಚಿಕೊಂಡಿತ್ತು. ತಲೆ ಮೇಲೆ ಎಳನೀರಿನವರ ಟವೆಲ್ಲು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮಿಡಿಯ ಚೀಲವನ್ನು ಮಾತ್ರ ಎರಡೂ ಮಂಡಿ ಮಧ್ಯೆ ಭದ್ರವಾಗಿ ಹಿಡಿದುಕೊಂಡಿದ್ದರು. ಮತ ಹಾಕಿದ ಶಾಯಿ ಬೆರಳಲ್ಲಿ ಹೊಸದಾಗೇ ಇತ್ತು, ಆ ಬೆರಳು ಸಣ್ಣಗೆ ನಡುಗುತ್ತಿತ್ತು. ನನ್ನನ್ನು ನೋಡಿ, "ಆಫೀಸ್ ಇಲ್ವೇನೋ ಇವತ್ತು?" ಅಂದರು.

ಭಾನುವಾರ. ಬೆಳಿಗ್ಗೆ ತಾನೇ ಇಬ್ಬರೂ ಕೂತು ದೋಸೆ ತಿಂದು, ಪತ್ರಿಕೆಯ ಪುರವಣಿಗೆ ಕಿತ್ತಾಡಿದ್ದೆವು. ಬೆವರು, ನಡುಕ ಇವುಗಳಿಗಿಂತ ಆ ಒಂದು ಪ್ರಶ್ನೆಗೆ ನನ್ನ ಎದೆ ಧಸಕ್ ಅಂತು.

ನಾನು ಮಾಡಿದ ಮೊದಲ ಕೆಲಸವನ್ನು ಹೇಳೋಕೆ ನಾಚಿಕೆ. ಬೈಯುತ್ತಾ ನಿಂತೆ. ಎರಡನೆಯದು ಇನ್ನೂ ದಡ್ಡತನ. ಎದುರಿನ ದರ್ಶಿನಿಯಿಂದ ಒಂದು ಸ್ಟ್ರಾಂಗ್ ಕಾಫಿ ತರ್ತೀನಿ ಅಂದೆ. ಎಳನೀರಿನವರೇ ತಡೆದರು. "ಕಾಪಿ ಗೀಪಿ ಬ್ಯಾಡ ಸಾರ್, ಮೊದ್ಲು ಮೈ ತಣ್ಣಗೆ ಮಾಡಿ." ಅವರ ಹತ್ತಿರ ಕೈ ತೊಳೆಯೋಕೆ ಇಟ್ಟ ಒಂದು ಕೊಡ ನೀರಿತ್ತು. ನೀರಿಗೆ ಅಷ್ಟು ಬರ ಇದ್ದ ದಿನಗಳಲ್ಲಿ ಅದರಲ್ಲಿ ಅರ್ಧ ನೀರನ್ನು ಅಪ್ಪನ ಕತ್ತು, ತೋಳು, ಎದೆಗೆ ಸುರಿದು ರಟ್ಟಿನಿಂದ ಗಾಳಿ ಹಾಕಿದರು. ಆಮೇಲೆ ಕಾರಲ್ಲಿ ಎ.ಸಿ. ಹಾಕಿಕೊಂಡು ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ರಿ? ಬಣ್ಣ ಹೇಗಿತ್ತು?" ಅಪ್ಪ ನಾಚಿಕೊಂಡು ಗೋಡೆ ನೋಡಿದರು. ಎರಡನೆಯದು: "ಬಿ.ಪಿ.ಗೆ ಯಾವ ಮಾತ್ರೆ ತಗೋತೀರಿ?" ಆ ಮಾತ್ರೆ ಮೈಯಿಂದ ನೀರನ್ನು ಹೊರಗೆ ಹಾಕುವಂಥದ್ದು. ಅದು ನನಗೆ ಗೊತ್ತೇ ಇರಲಿಲ್ಲ, ಮೂರು ವರ್ಷದಿಂದ ತಂದುಕೊಡೋನು ನಾನೇ. ಬಿಸಿಲಲ್ಲಿ ಬೆವರಾಗಿ ಹೋಗುವ ನೀರಿನ ಜೊತೆ ಮಾತ್ರೆಯೂ ತನ್ನ ಪಾಲಿನದನ್ನು ಹೊರಗೆ ಕಳಿಸ್ತಾ ಇತ್ತು. ಮೈ ಬಿಸಿ 103 ಡಿಗ್ರಿ ಇತ್ತು. 104 ದಾಟಿ, ಮಾತು ತಡವರಿಸಿ, ಹೊತ್ತು ಗೊತ್ತು ತಿಳಿಯದ ಹಾಗಾದರೆ ಅದೇ ಹೀಟ್ ಸ್ಟ್ರೋಕ್ ಅಂದರು. ಆಗ ಮೆದುಳು, ಕಿಡ್ನಿ ಎಲ್ಲಕ್ಕೂ ಏಟು. ಹಾಗೇನಾದರೂ ಆದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ಕಾಯುತ್ತಾ ಕೂರದೆ ನೀರು ಸುರಿಯುತ್ತಲೇ ಇರಬೇಕು. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಐಸ್ ಇಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ನಾವು ಸಿನಿಮಾದಲ್ಲಿ ನೋಡಿ ಕಲಿತದ್ದು ಸರಿಯಾಗಿ ಅದರ ಉಲ್ಟಾ.

ನೆರಳಲ್ಲಿ ಅಳೆದ ಬಿಸಿಲು

ಆ ರಾತ್ರಿ ಟಿ.ವಿ.ಯಲ್ಲಿ ನಗರದ ತಾಪಮಾನ 38 ದಾಟಿತು ಅಂತ ಹೇಳ್ತಿದ್ದರು. ಅಪ್ಪ ಮಂಚದ ಮೇಲಿನಿಂದಲೇ "ನೋಡು, ನಲವತ್ತೂ ಆಗಿಲ್ಲ" ಅಂದರು. ತಮಾಷೆ ಅಂದರೆ, ಲೆಕ್ಕದ ಪ್ರಕಾರ ಅಪ್ಪನ ಮಾತು ಸರಿಯೇ. ಹವಾಮಾನ ಇಲಾಖೆಯ ನಿಯಮದಲ್ಲಿ ಬಯಲು ಸೀಮೆಯ ಊರಿಗೆ ಶಾಖದ ಅಲೆ ಅಂತ ಘೋಷಿಸಬೇಕಾದರೆ ಮೊದಲು 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37. ಬೆಂಗಳೂರು ನಗರ ಕೇಂದ್ರದ ದಾಖಲೆಯೇ 39.2. ಅದು 2016ರ ಏಪ್ರಿಲಿನದು. ಅಂದರೆ ನಾವು ಎಷ್ಟೇ ಬೆಂದರೂ ಆ ಪಟ್ಟಿಗೆ ಸೇರೋದು ಕಷ್ಟ.

ಇನ್ನೊಂದು ಸಂಗತಿ. ಆ ಡಿಗ್ರಿಯನ್ನು ಅಳೆಯೋದು ನೆರಳಲ್ಲಿ. ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ಗಾಳಿ ಆಡೋಕೆ ಸುತ್ತ ಸಂದಿ, ನೆಲದಿಂದ ನಾಲ್ಕಡಿ ಮೇಲೆ. ಅದರೊಳಗೆ 38. ಡಾಂಬರು ರಸ್ತೆ ಮೇಲೆ, ಪಾರ್ಕ್ ಮಾಡಿದ ಕಾರುಗಳ ಮಧ್ಯೆ, ಚೀಲ ಹಿಡಿದು ನಡೆಯುವ ಮನುಷ್ಯನಿಗೆ ಎಷ್ಟು? ಅದನ್ನು ಟಿ.ವಿ. ಹೇಳಲ್ಲ. ಟೆರೇಸಿನ ಕೆಳಗಿನ ಒಂಟಿ ರೂಮಿನಲ್ಲಿ ಬಾಡಿಗೆಗಿರೋ ಹುಡುಗರನ್ನು ಕೇಳಿ, ಶೀಟ್ ಮನೆಯವರನ್ನು ಕೇಳಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುತ್ತಾ ಇರುತ್ತೆ. ಊಟ ಹೊತ್ತು ತರೋ ಡೆಲಿವರಿ ಹುಡುಗರಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳೋಕೆ ನಾನು ಶುರು ಮಾಡಿದ್ದೂ ಆ ಬೇಸಿಗೆಯಲ್ಲೇ. ಅಲ್ಲಿವರೆಗೂ ಹೊಳೆದಿರಲಿಲ್ಲ ಅನ್ನೋದೇ ಬೇಜಾರು.

ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನ ಹನ್ನೆರಡೂ ಕಾಲರ ಸುಮಾರಿಗೆ ಬೆಂಗಳೂರಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಶೂನ್ಯ ನೆರಳಿನ ದಿನ ಅಂತಾರೆ. ಮಕ್ಕಳು ಅಂಗಳದಲ್ಲಿ ಬಾಟಲಿ ನಿಲ್ಲಿಸಿ ಫೋಟೋ ತೆಗೀತಾರೆ. ಸೂರ್ಯ ನೆತ್ತಿ ಮೇಲೇ ಇರ್ತಾನೆ. ಅಪ್ಪ ನಡೆದದ್ದು ಅದಾಗಿ ನಾಲ್ಕೇ ದಿನಕ್ಕೆ, ಅದೇ ಹೊತ್ತಿಗೆ. ಜೊತೆಗೆ ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎತ್ತರ ಹೋದಷ್ಟೂ ಚರ್ಮ ಸುಡುವ ಅತಿನೇರಳೆ ಕಿರಣ ಜಾಸ್ತಿ. ಆದರೂ ತಣ್ಣನೆ ಗಾಳಿ ಒಂದು ಬೀಸಿದರೆ ಸಾಕು, ನಾವು ಬಿಸಿಲನ್ನೇ ಮರೆತುಬಿಡ್ತೀವಿ.

(ಮನೆಗೆ ಬಂದ ಮೇಲೆ ಅಮ್ಮನಿಗೆ ಓ.ಆರ್.ಎಸ್. ಲೆಕ್ಕ ಹೇಳಿದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. "ಇಷ್ಟೇನಾ? ರಾಮನವಮಿಗೆ ನಾನು ಮಾಡೋ ಪಾನಕ ಇನ್ನೇನು ಮತ್ತೆ?" ಅಂದರು. ಅವರ ಪಾನಕಕ್ಕೆ ಉಪ್ಪು ಚಿಟಿಕೆ, ಬೆಲ್ಲ ಧಾರಾಳ. ಅಳತೆ ತಪ್ಪಿದರೆ ಕೆಲಸ ಕೆಡುತ್ತೆ ಅಂದರೆ ಒಪ್ಪಲಿಲ್ಲ. ಆದರೆ ಬಿ.ಪಿ. ಇರೋರು ಉಪ್ಪಿನ ನೀರನ್ನು ದಿನಾ ಸುಮ್ನೆ ಕುಡಿಯೋದಲ್ಲ ಅಂತ ಡಾಕ್ಟರ್ ಹೇಳಿದ್ದನ್ನು ಮಾತ್ರ ತಕ್ಷಣ ಒಪ್ಪಿ, ಅಪ್ಪನ ಉಪ್ಪಿನಕಾಯಿಗೆ ಕತ್ತರಿ ಹಾಕಿದರು. ಅಷ್ಟು ಕಷ್ಟಪಟ್ಟು ತಂದ ಮಿಡಿ!)

ಸೆಖೆ ಅನ್ನೋ ಮಾತು

ನಮ್ಮ ಕಡೆ ಬಿಸಿಲು, ಧಗೆ, ಝಳ ಎಲ್ಲ ಇವೆ. ಸೆಖೆ ಅನ್ನೋ ಮಾತು ಅಷ್ಟು ಬಳಕೆಯಲ್ಲಿಲ್ಲ. ಅದು ಕರಾವಳಿಯವರದು. ಮೋಡ ಇದ್ದರೂ ಸೆಖೆ, ರಾತ್ರಿಯೂ ಸೆಖೆ. ಬೆವರು ಆರಿದಾಗ ಮೈ ತಣ್ಣಗಾಗುತ್ತೆ. ನಮ್ಮೂರಿನ ಒಣ ಗಾಳಿಯಲ್ಲಿ ಅದು ಗೊತ್ತೇ ಆಗದ ಹಾಗೆ ಆರಿಬಿಡುತ್ತೆ. ಕಡಲ ತೀರದ ಗಾಳಿಯಲ್ಲಿ ನೀರು ತುಂಬಿರೋದರಿಂದ ಬೆವರು ಆರಲ್ಲ, ಸುಮ್ನೆ ಇಳೀತಾ ಇರುತ್ತೆ. ಹಾಗಾಗಿ ಅಲ್ಲಿಯ 34 ಡಿಗ್ರಿ ಬೇರೆ, ಇಲ್ಲಿಯ 34 ಬೇರೆ. ಹೊಸ ಬಿಸಿಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು. ನಾವೋ, ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿನಲ್ಲಿ ಬಸ್ ಹತ್ತಿ ಶನಿವಾರ ಬೆಳಿಗ್ಗೆ ಮರಳಲ್ಲಿ ಫುಟ್‌ಬಾಲ್ ಆಡೋರು. ಗೋಕರ್ಣದ ಪೇಟೆಯಲ್ಲಿ ಮಧ್ಯಾಹ್ನ ಎಷ್ಟೋ ಅಂಗಡಿಗಳ ಬಾಗಿಲು ಅರ್ಧ ಮುಚ್ಚಿರುತ್ತೆ. ಊರವರು ಉಂಡು ಮಲಗಿರ್ತಾರೆ. ಆ ಹೊತ್ತಲ್ಲಿ ಮರಳ ಮೇಲೆ ಕಾಣೋರೆಲ್ಲ ನಮ್ಮವರೇ.

2017ರ ಮೇ ತಿಂಗಳಲ್ಲಿ ಹಾಗೆ ಕಾಣಿಸಿಕೊಂಡ ಆರು ಜನರಲ್ಲಿ ನಾನೂ ಒಬ್ಬ. ಆಫೀಸಿನ ಗೆಳೆಯರು. ಕುಡ್ಲೆ ಬೀಚ್. ಹತ್ತು ಗಂಟೆಗೇ ಮರಳು ಕಾಲು ಸುಡುತ್ತಿತ್ತು. ದೋಣಿಯ ನೆರಳಲ್ಲಿ ಒಬ್ಬರು ವಯಸ್ಸಾದವರು ಕೂತು ಬಲೆ ಬಿಡಿಸುತ್ತಿದ್ದರು. "ಬೆಂಗ್ಳೂರಿನವ್ರಾ?" ಅಂತ ಕೇಳಿದರು. ಹೌದು ಅಂದೆವು. ಅವರು ಕೈ ತೋರಿಸಿ, "ಇಳಿಯೂದಾದ್ರೆ ಅಲೆ ಒಡೆಯೋ ಕಡೆ ಇಳೀರಿ, ಮಂಡಿ ಮಟ್ಟ. ಅಲ್ಲಿ ಮಾತ್ರ ಬೇಡ. ಅಲ್ಲಿ ನೀರು ಎಳೀತದೆ" ಅಂದರು.

ಅವರು ಬೇಡ ಅಂದ ಜಾಗ ಕೆರೆಯ ಹಾಗಿತ್ತು. ಎರಡೂ ಕಡೆ ಅಲೆ ಬಿಳಿ ನೊರೆಯಾಗಿ ಮುರಿದು ಬೀಳ್ತಾ ಇತ್ತು, ನಡುವೆ ಹತ್ತು ಹದಿನೈದು ಮಾರು ಅಗಲದ ಒಂದು ಪಟ್ಟಿ ಮಾತ್ರ ಸುಮ್ಮನಿತ್ತು. ಬಣ್ಣ ಸ್ವಲ್ಪ ಗಾಢ. ನಮಗೆ ನಗು ಬಂತು. ಇವರು ಉಲ್ಟಾ ಹೇಳ್ತಿದ್ದಾರೆ, ಅಥವಾ ನಾವು ಅವರ ಕನ್ನಡವನ್ನು ಉಲ್ಟಾ ತಿಳಿದೆವು ಅಂದುಕೊಂಡೆವು. ಅಲೆ ಇಲ್ಲದ ಜಾಗ ತಾನೇ ಸುರಕ್ಷಿತ? ಅದೂ ಅಲ್ಲದೆ ನನಗೆ ಈಜು ಬರುತ್ತಿತ್ತು. ಈಜುಕೊಳದಲ್ಲಿ ಒಂದೇ ಏಟಿಗೆ ಇಪ್ಪತ್ತು ಸುತ್ತು ಹೊಡೆಯೋನು ನಾನು.

ಸೊಂಟದವರೆಗೆ ನೀರು ಬರುವಷ್ಟರಲ್ಲಿ ಕಾಲ ಕೆಳಗಿನ ಮರಳು ಜಾರತೊಡಗಿತು. ಯಾರೋ ಚಾಪೆ ಎಳೆದ ಹಾಗೆ. ಇನ್ನೊಂದು ಹೆಜ್ಜೆಗೆ ನೆಲವೇ ಸಿಗಲಿಲ್ಲ. ಗಾಬರಿಯೇನೂ ಆಗಲಿಲ್ಲ. ದಡದ ಕಡೆ ತಿರುಗಿ ಈಜತೊಡಗಿದೆ. ದಡದಲ್ಲಿ ಹಣ್ಣು ಮಾರುವವರ ಒಂದು ಹಳದಿ ಛತ್ರಿ ಇತ್ತು, ಅದನ್ನೇ ಗುರಿ ಇಟ್ಟೆ. ನಲವತ್ತು ಐವತ್ತು ಸಲ ಕೈ ಬೀಸಿ ತಲೆ ಎತ್ತಿದರೆ ಛತ್ರಿ ಅಷ್ಟೇ ದೊಡ್ಡದಿತ್ತು. ಮತ್ತೆ ಈಜಿದೆ. ಈ ಸಲ ಛತ್ರಿ ಚಿಕ್ಕದಾಗಿತ್ತು. ಗೆಳೆಯರತ್ತ ಕೈ ಎತ್ತಿ ಬೀಸಿದೆ. ಅವರೂ ಖುಷಿಯಿಂದ ಕೈ ಬೀಸಿದರು. ಕೂಗೋಣ ಅಂದರೆ ಉಸಿರಿಲ್ಲ, ಬಾಯಿ ತೆರೆದರೆ ಉಪ್ಪು ನೀರು. ಮುಳುಗೋರು ಕಿರುಚಾಡ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಉಸಿರಾಡೋಕೇ ಗಾಳಿ ಸಾಲದಿರುವಾಗ ಕಿರುಚೋದು ಯಾವುದರಲ್ಲಿ?

ನನ್ನನ್ನು ಉಳಿಸಿದ್ದು ಜಾಣತನ ಅಂತ ಹೇಳಿಕೊಳ್ಳೋಕೆ ಆಸೆ. ನಿಜ ಹೇಳಬೇಕಂದರೆ ಸುಸ್ತು. ಕೈ ಬಿದ್ದುಹೋಯಿತು. ಅಂಗಾತ ತೇಲಿದೆ, ಆದದ್ದಾಗಲಿ ಅಂತ. ಸ್ವಲ್ಪ ಹೊತ್ತಿಗೆ ಎಳೆತ ಸಡಿಲವಾಯಿತು. ನೀರು ನನ್ನನ್ನು ಪಕ್ಕಕ್ಕೆ ಸರಿಸಿತು. ಆಮೇಲೆ ಅಲೆಗಳು ಒಂದೊಂದಾಗಿ ಮುಖದ ಮೇಲೆ ಮುರಿಯುತ್ತಾ, ಮೂಗಲ್ಲಿ ಬಾಯಲ್ಲಿ ಮರಳು ತುಂಬುತ್ತಾ, ದಡಕ್ಕೆ ತಳ್ಳಿದವು. ಇಳಿದ ಜಾಗದಿಂದ ಬಹಳ ದೂರ ಹೊರಬಿದ್ದಿದ್ದೆ. ಬಲೆಯವರು ದಡದುದ್ದಕ್ಕೂ ಓಡಿ ಬಂದಿದ್ದರು. ಕೈಯಲ್ಲಿ ಹಗ್ಗ ಕಟ್ಟಿದ ಖಾಲಿ ಕ್ಯಾನ್. ಉಸಿರು ಬಿಡುತ್ತಾ ಕೇಳಿದರು:

"ಈಜು ಬರ್ತದಾ?"

"ಬರುತ್ತೆ."

"ಹೌದಾ. ಅದಕ್ಕೇ."

ಅಲ್ಲೇನಾಗಿತ್ತು ಅಂತ ನಾನು ಓದಿ ತಿಳಿದದ್ದು ಆಮೇಲೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗೋ ವಾಪಸ್ ಹೋಗಬೇಕಲ್ಲ. ಅದು ಮರಳ ದಿಬ್ಬದ ನಡುವೆ ಸಂದಿ ಹುಡುಕಿ, ಒಟ್ಟಾಗಿ ಅದರಲ್ಲೇ ನುಗ್ಗುತ್ತೆ. ರಿಪ್ ಕರೆಂಟ್ ಅಂತಾರಲ್ಲ, ಅದು. ಆ ಸಂದಿಯಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಮುರಿಯಲ್ಲ, ಅದಕ್ಕೇ ಶಾಂತವಾಗಿ ಕಾಣುತ್ತೆ. ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿ ವೇಗ, ಜೋರಾದಾಗ 8 ಅಡಿ. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರು ಹೋಗಲಾರರು. ಆದರೆ ಅದು ಕೆಳಕ್ಕೆ ಎಳೆಯಲ್ಲ, ಹೊರಕ್ಕೆ ಎಳೆಯುತ್ತೆ ಅಷ್ಟೇ. ಅಗಲವೂ ಕಡಿಮೆ. ದಡಕ್ಕೆ ಎದುರಾಗಿ ಈಜದೆ ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿದರೆ ಹೊರಗೆ ಬರಬಹುದು. ಅದೂ ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕಾಯಬೇಕು. ಜನ ಸಾಯೋದು ಬಹುಪಾಲು ಸುಸ್ತಿನಿಂದ, ಹಟದಿಂದ. ಇನ್ನು ಕೆಲವರು, ಮುಳುಗುತ್ತಿರೋ ಗೆಳೆಯನ ಹಿಂದೆ ಹಾರಿ ಸಾಯ್ತಾರೆ. ಬಲೆಯವರು ನೀರಿಗೆ ಇಳಿದಿರಲಿಲ್ಲ, ಕ್ಯಾನ್ ಹಿಡಿದು ದಡದಲ್ಲೇ ಓಡಿದ್ದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ಹಾರಿರುತ್ತಿದ್ದೆ.

ಆ ಸಂಜೆ ಪಾದದ ಮೇಲ್ಭಾಗ ಸುಟ್ಟು ಚಪ್ಪಲಿ ಹಾಕೋಕಾಗದೆ ಕುಂಟಿದ್ದನ್ನೂ ಹೇಳಿಬಿಡ್ತೀನಿ. ನಮ್ಮ ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಯಾಕೆ ಅಂದವನೂ ನಾನೇ.

ಬಯಲು ಸೀಮೆಯ ಮಕ್ಕಳು

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಸುದ್ದಿ ಬಂದಾಗ ನಾನು ಊಟ ಬಿಟ್ಟು ಎದ್ದೆ. ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾಗಿದ್ದರು. ಕೋಲಾರದ ಮಕ್ಕಳು ಕಂಡಿರೋದು ಕೆರೆ, ಅದೂ ತುಂಬಿದ ವರ್ಷ. ಕೆರೆಯಲ್ಲಿ ಅಲುಗಾಡದ ನೀರು ಅಂದರೆ ಭಯ ಕಡಿಮೆ ಇರೋ ನೀರು. ಆ ಕಣ್ಣಿನಿಂದಲೇ ಕಡಲನ್ನೂ ನೋಡ್ತೀವಿ. ನಮ್ಮ ಶಾಲೆಗಳಲ್ಲಿ ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಅಂತ ಬಾಯಿಪಾಠ ಮಾಡಿಸ್ತಾರೆ. ಅದರಲ್ಲಿ ಕಾಲಿಡೋದು ಹೇಗೆ ಅಂತ ಒಬ್ಬರೂ ಹೇಳಿಕೊಟ್ಟ ನೆನಪಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ. ಅದು ಮೀನು ಮರಿ ಮಾಡೋ ಕಾಲ ಅಂತ ಮಾಡಿದ್ದು, ನಿಜ. ಆದರೂ ಮೀನುಗಾರರ ದೋಣಿಗಳೇ ದಡದಲ್ಲಿ ಕಟ್ಟಿ ನಿಂತಿರುವಾಗ, ಮಳೆಗಾಲದ ಆ ಕಡಲಿಗೆ ನಮ್ಮ ಹುಡುಗರು ರೀಲ್ಸ್ ಮಾಡೋಕೆ ಇಳೀತಾರೆ. ಸೀಟಿ ಊದಿದ ಲೈಫ್‌ಗಾರ್ಡ್ ಜೊತೆ ಜಗಳ ಬೇರೆ.

ಈ ಜನವರಿಯಲ್ಲಿ ಮನೆಯವರೆಲ್ಲ ಹೊನ್ನಾವರದ ಹತ್ತಿರ ಕಾಸರಕೋಡಿಗೆ ಹೋಗಿದ್ದೆವು. ಪಡುಬಿದ್ರಿಯ ಜೊತೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲ ತೀರಕ್ಕೆ ಕೊಡೋ ನೀಲಿ ಬಾವುಟದ ಮನ್ನಣೆ ಸಿಕ್ಕ ಬೀಚ್ ಅದು. ಆದರೆ ನಾನು ಹುಡುಕಿದ್ದು ಬೇರೆ ಬಾವುಟ. ಅರ್ಧ ಕೆಂಪು, ಅರ್ಧ ಹಳದಿ ಇರೋದು. ಅಂಥ ಎರಡು ಬಾವುಟಗಳ ನಡುವಿನ ಜಾಗದ ಮೇಲೆ ಲೈಫ್‌ಗಾರ್ಡ್ ಕಣ್ಣಿಟ್ಟಿರ್ತಾರೆ. ಬರೀ ಕೆಂಪು ಇದ್ದರೆ ಇಳಿಯಬಾರದು. ನಾಲ್ಕು ಗಂಟೆಯ ಬಿಸಿಲು. ಏಳು ವರ್ಷದ ಮಗಳಿಗೆ ಓಡುವ ಆತುರ. ಕಾಲು ಗಂಟೆ ಸುಮ್ನೆ ಕೂತು ನೀರು ನೋಡೋಣ ಅಂದೆ. ಗೊಣಗುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಬೆರಳು ಚಾಚಿದಳು, ಬಾವುಟದಿಂದ ಆಚೆ.

"ಅಪ್ಪಾ, ಅಲ್ಲಿ ಅಲೇನೇ ಇಲ್ಲ. ಅಲ್ಲಿಗೆ ಹೋಗೋಣ್ವಾ?"

ಪಕ್ಕದಲ್ಲಿ ಬಿದ್ದಿದ್ದ ಒಣ ತೆಂಗಿನಕಾಯಿ ಸಿಪ್ಪೆಯೊಂದನ್ನು ಎತ್ತಿಕೊಂಡು ಆ ಕಡೆ ನಡೆದು, ದಡದಿಂದಲೇ ಎಸೆದೆ. ಇಬ್ಬರೂ ನಿಂತು ನೋಡಿದೆವು. ಸಿಪ್ಪೆ ಒಂದು ಸುತ್ತು ತಿರುಗಿತು. ಆಮೇಲೆ, ಯಾರೋ ದಾರ ಕಟ್ಟಿ ಎಳೆದ ಹಾಗೆ, ನೆಟ್ಟಗೆ ಒಳಗೆ ಹೊರಟಿತು. ಅದು ಚುಕ್ಕಿಯಾಗುವವರೆಗೂ ಮಗಳು ಮಾತಾಡಲಿಲ್ಲ.

ಹಿಂದೆ ಗಾಳಿ ಮರದ ನೆರಳಲ್ಲಿ ಅಪ್ಪ ಕೂತಿದ್ದರು, ಹೆಗಲ ಮೇಲೆ ಒದ್ದೆ ಟವೆಲ್ಲು. "ಇಲ್ಲೆಂಥ ಬಿಸಿಲು? ಬಳ್ಳಾರೀಲಿ ನೋಡಬೇಕಿತ್ತು ನೀವು" ಅಂತ ಅಮ್ಮನಿಗೆ ಹೇಳ್ತಾ, ಎರಡನೇ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.